ಒದ್ದೆ ಜೇಬಿನ ಮೇಡಂ

ಮೇಡಂ ಅವರ ಬಿಳಿ ಕೋಟಿನ ಬಲಜೇಬು ಸದಾ ಒದ್ದೆ. ಹೊಸಬರು ಅದನ್ನು ಕಂಡು ಕಣ್ಣು ತಪ್ಪಿಸುತ್ತಿದ್ದರು, ಹಳಬರು ದಾರಿಯನ್ನೇ ತಪ್ಪಿಸುತ್ತಿದ್ದರು. ಏಕೆಂದರೆ ಜೇಬು ನೆನೆದಷ್ಟೂ ಜೇಬಿನೊಡತಿ ಉರಿಯುತ್ತಿದ್ದರು. ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥೆಯಾದ ಆಕೆ, ಮೂತ್ರಪರೀಕ್ಷೆಯ ಡಬ್ಬಿ ಮಾರುವವರು ಕೊಟ್ಟುಹೋದ ಪ್ರತಿಯೊಂದು ನಮೂನೆಗೂ ನಲ್ಲಿನೀರು ತುಂಬಿ, ಮುಚ್ಚಳ ಬಿಗಿದು, ತಲೆಕೆಳಗಾಗಿ ಜೇಬಿಗಿಳಿಸಿ, ಇಡೀ ದಿನ ಮೆಟ್ಟಿಲು ಹತ್ತಿಳಿದು, ಕುರ್ಚಿಯಲ್ಲಿ ಕೂತೆದ್ದು, ಸಂಜೆ ಜೇಬು ಮುಟ್ಟಿ ತೀರ್ಪು ಕೊಡುತ್ತಿದ್ದರು. ಒದ್ದೆಯಾಗದಿದ್ದರೆ ಪಾಸು. ಪಾಸಾದವು ಅಪರೂಪ. ಬೆನ್ನ ಹಿಂದೆ ಎಲ್ಲರೂ ಅವರನ್ನು ಮುಚ್ಚಳದ ಮೇಡಂ ಎನ್ನುತ್ತಿದ್ದರು. ಅವರಲ್ಲಿ ಮುಚ್ಚುಮರೆ ಎಂಬುದಿರಲಿಲ್ಲ, ಮುಚ್ಚಳವೊಂದೇ ಇತ್ತು.

ಗಿಡ್ಡ ದೇಹ, ಮೂಗಿನ ತುದಿಗೆ ಜಾರಿದ ಕನ್ನಡಕ, ಓಡಿಹೋದ ಯಾರನ್ನೋ ಹಿಡಿದು ತರಲು ಹೊರಟಂಥ ನಡಿಗೆ. ಯಾರು ಏನನ್ನು ಹೊಗಳಿದರೂ ಅವರದು ಒಂದೇ ಪ್ರಶ್ನೆ: "ತುಂಬಿ ನೋಡಿದಿರಾ?" ಒಮ್ಮೆ ತಂಗಿ ಬಂದು ತನ್ನ ಮಗಳಿಗೆ ಗೊತ್ತಾದ ವರನನ್ನು ಕೊಂಡಾಡಿದಾಗಲೂ ಅದೇ ಮಾತು.

"ಅಕ್ಕಾ, ಅವನು ಹುಡುಗ, ಡಬ್ಬಿ ಅಲ್ಲ!"

"ಅದೇ ಕಣೇ. ಮುಚ್ಚಳ ಗಟ್ಟಿ ಇದೆಯಾ ಅಂತ ಕೇಳಿದೆ. ಬಾಯಿ ಸೋರೋ ಗಂಡಸು ಮನೆಗೆ ಬೇಡ."

ಡಬ್ಬಿಯ ವಿಷಯದಲ್ಲಿ ಅವರ ಶಾಸನಗಳು ಅನುಲ್ಲಂಘನೀಯ. ಬಾಯಿ ಅಗಲವಾಗಿರಬೇಕು, ಹೆಂಗಸರೂ ಮುದುಕರೂ ಗುರಿಗಾರರಲ್ಲ. ಮುಚ್ಚಳ ತಿರುಪಿನದೇ ಆಗಬೇಕು. ತಳ ಚಪ್ಪಟೆ ಇರಬೇಕು. ಹೆಸರಿನ ಚೀಟಿಯನ್ನು ಮೈಗೆ ಅಂಟಿಸಬೇಕೇ ಹೊರತು ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾದರೆ ಒಬ್ಬರ ರೋಗ ಇನ್ನೊಬ್ಬರ ಕೊರಳಿಗೆ.

ತಂಗಿಯ ಮಗಳ ಮದುವೆಗೆಂದು ಮೇಡಂ ರಜೆಯಲ್ಲಿದ್ದಾಗಲೇ ಖರೀದಿ ಸಮಿತಿ ಸಭೆ ಸೇರಿತು. ಮೇಜಿನ ಮೇಲೆ ಬಗೆಬಗೆಯ ಡಬ್ಬಿಗಳು, ಎಲ್ಲವೂ ಖಾಲಿ. ಆಡಳಿತಾಧಿಕಾರಿ ಒಂದನ್ನೆತ್ತಿ ಬೆಳಕಿಗೆ ಹಿಡಿದರು, ಅದರಲ್ಲಿ ತಮ್ಮ ಪೆನ್ನುಗಳನ್ನು ನಿಲ್ಲಿಸಿ ಅಂದ ನೋಡಿದರು, "ಚೆನ್ನಾಗಿದೆಯಲ್ರೀ" ಎಂದರು. ಉಳಿದವರ ತಲೆಗಳು ಆಡಿದವು. ಆಡಳಿತದ ಸೂತ್ರಗಳನ್ನೆಲ್ಲ ಅರೆದು ಕುಡಿದ ಆ ಮಹನೀಯರಿಗೆ, ಮೂತ್ರವೆಂಬುದು ದ್ರವಪದಾರ್ಥ ಎಂಬ ಸಂಗತಿಯೊಂದು ಮಾತ್ರ ಹೊಳೆಯಲಿಲ್ಲ. ಮೇಡಂ ರಜೆ ಮುಗಿಸಿ ಬಂದಾಗ ಉಗ್ರಾಣದ ತುಂಬ ಕಿರುಬಾಯಿಯ, ಒತ್ತುಮುಚ್ಚಳದ, ನೋಡಲು ಮುದ್ದಾದ ಡಬ್ಬಿಗಳು. ಅವರು ಬರೆದ ಆಕ್ಷೇಪಣೆಗಳಿಗೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂತು. ನಮ್ಮಲ್ಲಿ ಪರಿಶೀಲನೆಯೆಂದರೆ ಶವಸಂಸ್ಕಾರಕ್ಕೆ ಮುಂಚಿನ ಶೀತಪೆಟ್ಟಿಗೆ.

ಆಗಲೇ ಆ ಮುದುಕ ದರ್ಜಿ ಬಂದದ್ದು. ಪ್ರಾಸ್ಟೇಟ್ ಗ್ರಂಥಿ ಊದಿ ಆಪರೇಷನ್ನಿಗೆ ಕಾಯುತ್ತಿದ್ದವರು. ಮೂತ್ರದಲ್ಲಿ ಸೋಂಕಿಲ್ಲವೆಂದು ಪ್ರಯೋಗಾಲಯ ಹೇಳುವವರೆಗೆ ಸರ್ಜನ್ ಕೈ ಹಚ್ಚುವಂತಿಲ್ಲ. ಕೈ ನಡುಗುವ ಕಾಯಿಲೆ ಬೇರೆ. ಸೂಜಿ ಹಿಡಿದಾಗ ಮಾತ್ರ ನಡುಕ ತುಸು ತಗ್ಗುತ್ತಿತ್ತು. ಎರಡು ಸಲ ಡಬ್ಬಿ ಸೋರಿ ಸ್ಯಾಂಪಲ್ ಕೆಟ್ಟು, ಎರಡು ಸಲವೂ ಆಪರೇಷನ್ ಮುಂದೆ ಹೋಯಿತು. ಮೂರನೆಯ ಸಲ ಕಾರಿಡಾರಿನಲ್ಲೇ ಮುಚ್ಚಳ ಹಾರಿತು. ಅಂಗಿಯ ಮುಂಭಾಗವೆಲ್ಲ ತೊಯ್ದು ಅವರು ಕೌಂಟರಿನ ಮುಂದೆ ನಿಂತಿದ್ದರು. ಪಕ್ಕದಲ್ಲಿದ್ದ ಸೊಸೆ ಸೆರಗಿನಿಂದ ಒರೆಸಲು ಹೋದರೆ ಅವಳ ಕೈ ತಳ್ಳುತ್ತಿದ್ದರು.

"ಏನಜ್ಜಾ, ಇನ್ನೂ ಹಿಡಿಯೋಕೆ ಬರಲ್ವಾ?" ಎಂದ ಕೌಂಟರಿನವನು. ಸಾಲಿನಲ್ಲಿ ಯಾರೋ ನಕ್ಕರು.

ಒಳಗಿಂದ ಬಂದ ಮೇಡಂ ಅವರ ಮುಖವನ್ನೂ ನೋಡದೆ ದರ್ಜಿ, "ತಪ್ಪು ನಂದೇ ಕಣಮ್ಮಾ. ಈ ವಯಸ್ಸಲ್ಲಿ ಇದೂ ಬರದ ಹಾಗಾಯ್ತು" ಎಂದರು.

ಮೇಡಂ ನೇರ ಉಗ್ರಾಣಕ್ಕೆ ನಡೆದರು. ಟ್ರೇ ತುಂಬ ಹೊಸ ಡಬ್ಬಿಗಳನ್ನಿಟ್ಟು, ನಲ್ಲಿನೀರು ತುಂಬಿ, ಮುಚ್ಚಳಗಳನ್ನು ಒತ್ತಿ, ಪಟಪಟ ಚಪ್ಪಲಿಯ ಸದ್ದಿನೊಡನೆ, ಆಗ ನಡೆಯುತ್ತಿದ್ದ ಖರೀದಿ ಸಮಿತಿಯ ಸಭೆಗೆ ನುಗ್ಗಿ, ಪ್ರತಿಯೊಬ್ಬರ ಮುಂದೆಯೂ ಒಂದೊಂದನ್ನು ಕುಕ್ಕಿದರು.

"ಏನ್ ಮೇಡಂ ಇದು?" ಎಂದರು ಆಡಳಿತಾಧಿಕಾರಿ.

"ನಲ್ಲಿನೀರು. ನೀವೇ ಮೆಚ್ಚಿದ ಡಬ್ಬಿ. ಸಭೆ ಮುಗಿಯೋವರೆಗೆ ತಲೆಕೆಳಗಾಗಿ ಜೇಬಲ್ಲಿ ಇಟ್ಕೊಳ್ಳಿ. ಅಷ್ಟೇ."

ಯಾರೂ ಮುಟ್ಟಲಿಲ್ಲ. ಒಬ್ಬರು ಫೋನು ನೋಡಿದರು, ಒಬ್ಬರು ಚಾವಣಿ ನೋಡಿದರು. ಆಡಳಿತಾಧಿಕಾರಿ, "ಇಲ್ಲ ಮೇಡಂ, ಇದು ಹೊಸ ಪ್ಯಾಂಟು..." ಎಂದು ಅರ್ಧಕ್ಕೇ ನಿಂತರು.

"ಬರೀ ನೀರಿಗೆ ಹೀಗೆ ಹೆದರ್ತೀರಲ್ಲ! ಆ ಯಜಮಾನ್ರು ಮೂರು ಸಲ ಒದ್ದೆಯಾದ್ರು, ನೀರಲ್ಲಲ್ಲ, ಊರ ಮುಂದೆ! ಇನ್ನು ಈ ಡಬ್ಬೀಲಿ ಬಂದ ಯಾವ ಸ್ಯಾಂಪಲ್ಲಿಗೂ ನನ್ನ ಸಹಿ ಇಲ್ಲ. ಬೇಕಾದ್ರೆ ನೀವೇ ಹಾಕಿ, ಕಣ್ಣು ಮುಚ್ಕೊಂಡು, ಡಬ್ಬಿ ಆರಿಸಿದ ಹಾಗೆ."

ಸಹಿ ನಿಂತರೆ ಆಪರೇಷನ್‌ಗಳು ನಿಲ್ಲುತ್ತವೆ. ಅಗಲಬಾಯಿಯ ತಿರುಪುಮುಚ್ಚಳದ ಡಬ್ಬಿಗಳು ಆ ವಾರವೇ ಬಂದವು. ಅದನ್ನು ತನ್ನದೇ ಕಾಳಜಿಯೆಂದು ಸಮಿತಿ ಗೋಡೆಯ ಮೇಲೆ ಬರೆಸಿಕೊಂಡಿತು. ದರ್ಜಿಯ ಪರೀಕ್ಷೆಯೂ ಆಯಿತು, ಆಪರೇಷನ್ನೂ ಆಯಿತು. "ತಪ್ಪು ನಿಮ್ಮದಲ್ಲ" ಎಂದು ಅವರ ಹಾಸಿಗೆಯ ಬಳಿ ಹೋಗಿ ಹೇಳಿದವರು ಮಾತ್ರ ಮೇಡಂ ಒಬ್ಬರೇ, ಅದನ್ನೂ ಬೈಯುವ ದನಿಯಲ್ಲಿ.

ಗುಣವಾದ ಮೇಲೆ ದರ್ಜಿ ಒಂದು ಮಧ್ಯಾಹ್ನ ಬಂದು, ಗೂಟಕ್ಕೆ ತೂಗುಹಾಕಿದ್ದ ಮೇಡಂ ಅವರ ಕೋಟನ್ನಿಳಿಸಿಕೊಂಡು, ಬಲಜೇಬಿನ ಒಳಗೆ ಮಳೆಕೋಟಿನ ಬಟ್ಟೆಯ ಅಸ್ತರಿ ಕೊಟ್ಟರು. ಸಣ್ಣ, ಒತ್ತಾದ ಹೊಲಿಗೆ. ಮೇಡಂ ಜೇಬಿಗೆ ಕೈ ಹಾಕಿದವರೇ ಕೆಂಡವಾದರು.

"ಇದೇನ್ ಮಾಡಿದ್ರಿ ಯಜಮಾನ್ರೇ? ನಂಗೆ ಒದ್ದೆಯಾಗದಿದ್ರೆ ಸೋರೋದು ಗೊತ್ತಾಗೋದು ಹೇಗೆ? ಬಿಚ್ಚಿ!"

ದರ್ಜಿ ನಗುತ್ತ ಅಲ್ಲೇ ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು.

ಲೋಕದಲ್ಲಿ ಶಾಂತಮೂರ್ತಿಗಳಿಗೆ ಬರವಿಲ್ಲ. ಅವರು ಹೊಗಳುವುದು ಖಾಲಿ ಡಬ್ಬಿಯನ್ನು, ಅದು ಸೋರುವುದು ಮತ್ತೊಬ್ಬರ ಅಂಗಿಯ ಮೇಲೆ, ಆದ್ದರಿಂದ ಅವರ ಶಾಂತಿಗೆ ಕಲೆ ತಾಗುವುದಿಲ್ಲ. ಕೋಪಿಷ್ಠರೆಂದು ನಾವು ದೂರವಿಡುವ ಜಾತಿಯೊಂದಿದೆ. ಅವರ ಪಕ್ಕ ಕೂರುವುದು ಕಷ್ಟ, ಅವರ ಮಾತು ಕಿವಿಗೆ ಕಾದ ಸೀಸ. ಆದರೆ ಅವರು ಯಾವ ಅಸ್ತರಿಯನ್ನೂ ಒಪ್ಪದೆ ಮೊದಲು ತಮ್ಮ ಜೇಬನ್ನು ನೆನೆಸಿಕೊಳ್ಳುತ್ತಾರೆ, ಆಮೇಲಷ್ಟೇ ಉರಿಯುತ್ತಾರೆ.