ಚುಕ್ಕಿಗೊಂದು ಸಂಬಂಧ

ಸಂಬಂಧ ಕುದುರಿಸುವುದರಲ್ಲಿ ನನ್ನದು ಎತ್ತಿದ ಕೈ. ಇಬ್ಬರು ತಂಗಿಯರನ್ನೂ ಒಬ್ಬ ಮೈದುನನನ್ನೂ ದಡ ಹತ್ತಿಸಿದವಳು ನಾನೇ. ನನ್ನ ಹೊಲಿಗೆ ಅಂಗಡಿಗೆ ಬಂದ ಹುಡುಗಿಯ ಅಳತೆ ತೆಗೆದು ಮುಗಿಸುವಷ್ಟರಲ್ಲಿ ಅವಳಿಗೆ ಎಂಥ ಗಂಡು ಸರಿಹೋಗುತ್ತಾನೆ ಅಂತ ಹೇಳಿಬಿಡುತ್ತೇನೆ. ಹಾಗಿರುವಾಗ ಅಂಗೈಯಗಲದ ಒಂದು ಲಾವಕ್ಕಿಗೆ ಜೊತೆ ಹುಡುಕುವುದು ಯಾವ ಮಹಾ ಕೆಲಸ?

ಲಾವಕ್ಕಿ ನನ್ನ ಅತ್ತೆಯದು. ಎದೆ ತುಂಬ ಕಪ್ಪು ಚುಕ್ಕೆ, ಅದಕ್ಕೇ ಹೆಸರು ಚುಕ್ಕಿ. ಅವಳ ಗಂಡು ವಯಸ್ಸಾಗಿ ಸತ್ತಮೇಲೆ ಪಂಜರದ ಮೂಲೆ ಹಿಡಿದಿದ್ದಳು. ಮರಳಿನಲ್ಲಿ ಹೊರಳುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದು ಬಾಯಿಗಿಟ್ಟರೆ ಒಂದೆರಡು ಕಾಳು ನುಂಗುವಳು, ತಾನಾಗಿ ಮುಟ್ಟಲೊಲ್ಲಳು. ಅತ್ತೆಯೂ ಎರಡು ತುತ್ತಿಗೇ ತಟ್ಟೆ ಸರಿಸತೊಡಗಿದರು.

"ಅವಳು ತಾನಾಗಿ ತಿನ್ನಲಿ, ಆಮೇಲೆ ನನ್ನದು ನೋಡೋಣ," ಅಂದುಬಿಟ್ಟರು.

ಅತ್ತೆ ಹಟಕ್ಕೆ ಬಿದ್ದರೆ ಕಲ್ಲು ಕರಗಬೇಕೇ ಹೊರತು ಅವರಲ್ಲ. ನಾನೇ ಹೊಲಿದ ರವಿಕೆ ಅವರ ಭುಜದಲ್ಲಿ ನಿಲ್ಲದೆ ಜಾರುತ್ತಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಂಗಡಿಗೆ ಬೀಗ ಜಡಿದು ಹಕ್ಕಿ ಸಾಕುವವನ ಶೆಡ್ಡಿಗೆ ಹೋದೆ.

"ಗಂಡು ಬೇಕು. ಒಳ್ಳೆ ಮೈಕಟ್ಟು, ಕೆಂಪನೆ ಎದೆ ಇರ್ಬೇಕು."

"ಹುಡುಗಿ ಒಪ್ಪಿದಾಳಾ ಅಕ್ಕಾ?"

"ನಾನು ತಂದ ಗಂಡನ್ನ ಯಾರೂ ಒಲ್ಲೆ ಅಂದಿಲ್ಲ. ಹಿಡಿದುಕೊಡು."

ನೋಡುವುದಕ್ಕೇನೋ ರಾಜಕುಮಾರ, ಗುಣ ಮಾತ್ರ ದೇವರಿಗೇ ಪ್ರೀತಿ. ಪಂಜರಕ್ಕೆ ಬಿಟ್ಟಿದ್ದೇ ತಡ, ಚುಕ್ಕಿಯ ಬೆನ್ನು ಹತ್ತಿ ಕತ್ತಿನ ಗರಿ ಕಿತ್ತ. ಅವಳು ಹೆದರಿ ಮೇಲಕ್ಕೆ ಹಾರಿ ತಲೆ ಬಡಿದುಕೊಂಡಳು. ಆ ಮಹಾರಾಯನನ್ನು ಹೊರಗೆಳೆಯುವಷ್ಟರಲ್ಲಿ ನನ್ನ ಬೆರಳನ್ನೂ ಕುಕ್ಕಿಬಿಟ್ಟ.

ಅತ್ತೆ ಚುಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಕತ್ತು ಸವರಿದರು. "ಇವಳಿಗೆ ಗಂಡು ಬೇಕು ಅಂತ ನಿನಗೆ ಯಾರು ಹೇಳಿದ್ದು?"

"ಗಂಡ ಹೋಗಿದ್ದಾನಲ್ಲ ಅತ್ತೆ, ಪಾಪ!"

"ನನ್ನ ಗಂಡಾನೂ ಹೋದ್ರು. ಆಗ ನನಗೆ ಇನ್ನೊಬ್ಬನ್ನ ಹುಡುಕಿದ್ಯಾ?"

ನಗು ಬಂತು, ತುಟಿ ಕಚ್ಚಿಕೊಂಡೆ. ಅತ್ತೆ ನಗಲಿಲ್ಲ.

"ಆವಾಗ್ಲೂ ನಾನು ಊಟ ಬಿಟ್ಟಿದ್ದೆ. ನೀನು ಹೊಲಿಗೆ ಮಿಷನ್ನು ತಂದು ನನ್ನ ಕೋಣೇಲಿ ಇಟ್ಕೊಂಡೆ. ಬೆಳಗಿಂದ ಸಂಜೆವರೆಗೂ ಅದರದ್ದೊಂದು ಸದ್ದು, ಅದನ್ನ ಮೀರಿಸಿ ನಿಂದು. ಯಾರ ಸೊಂಟ ದಪ್ಪ ಆಯ್ತು, ಯಾರು ಬಟ್ಟೆ ಕೊಟ್ಟು ಈ ಕಡೆ ತಲೆ ಹಾಕಿಲ್ಲ... ನಿನ್ನ ಬಾಯಿಗೆ ಎದುರು ಕೊಡೋಕಾದ್ರೂ ನಾನು ಬದುಕಬೇಕಾಯ್ತು."

ಮಿಷನ್ನು ಅಲ್ಲಿಟ್ಟದ್ದು ಆ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಅಂತ. ಮದುವೆಯಾಗಿ ಬಂದಾಗಿನಿಂದ ಅತ್ತೆ ನನ್ನ ಮಾತಿಗೆ ಬೈದದ್ದೇ ಹೆಚ್ಚು.

ಅಂದೇ ಗಂಡನ್ನು ವಾಪಸ್ಸು ಮಾಡಿದೆ. "ನಿನ್ನ ಶೆಡ್ಡಲ್ಲಿ ಬಾಯಿ ಮುಚ್ಚದೇ ಇರೋ ಹೆಣ್ಣು ಯಾವುದು?"

ಹಕ್ಕಿಯವನು ಯೋಚಿಸಲೂ ಇಲ್ಲ. ಸೊಟ್ಟ ಬೆರಳಿನ ಒಂದು ಹೆಣ್ಣನ್ನು ಹಿಡಿದು ತಂದ. "ತಗೊಂಡು ಹೋಗಿ, ನಿಮಗೆ ಪುಣ್ಯ ಬರುತ್ತೆ. ಆದ್ರೆ ಒಟ್ಟಿಗೆ ಬಿಡ್ಬೇಡಿ ಅಕ್ಕಾ. ಹೊಸಬರನ್ನ ಕಂಡ್ರೆ ಹೆಣ್ಣುಗಳೂ ಕಚ್ಚಾಡ್ತವೆ. ಮೊದಲು ಮಧ್ಯೆ ಏನಾದ್ರೂ ಅಡ್ಡ ಕಟ್ಟಿ."

ಅಡ್ಡ ಕಟ್ಟುವುದು ನನ್ನ ಕಸುಬಿನ ಮಾತು. ಸೊಳ್ಳೆ ಪರದೆಯ ತುಂಡೊಂದನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಹೊಲಿದು ಪಂಜರದ ನಡುವೆ ನಿಲ್ಲಿಸಿದೆ. ಆಚೆಯಿಂದ ಹೊಸಬಳು ಶುರು ಹಚ್ಚಿಕೊಂಡಳು. ಕಾಳು ಕೆದಕಿದಳು, ನೀರು ಚೆಲ್ಲಿದಳು, ಮರಳಿನಲ್ಲಿ ಹೊರಳಾಡಿ ಅದಕ್ಕೂ ಏನೋ ಗೊಣಗಿದಳು. ಮೊದಲ ದಿನ ಚುಕ್ಕಿ ಬೆನ್ನು ತಿರುಗಿಸಿ ಕೂತಿದ್ದಳು. ಮರುದಿನ ಕತ್ತು ಮಾತ್ರ ಪರದೆಯತ್ತ ತಿರುಗಿತು.

ಅದರ ಮರುದಿನ ಮಧ್ಯಾಹ್ನ ಹೊಸಬಳು ಕೆದಕಿದ ರಭಸಕ್ಕೆ ಒಂದು ಕಾಳು ಚೌಕಟ್ಟಿನ ಅಡಿಯಿಂದ ಈಚೆಗೆ ಉರುಳಿತು. ಚುಕ್ಕಿ ಅದನ್ನೇ ನೋಡಿದಳು. ಎದ್ದು ಬಂದು ಕುಕ್ಕಿದಳು. ಆಮೇಲೆ ಪರದೆಗೆ ಮೈ ಒತ್ತಿ ನಿಂತು ತನ್ನ ಬಟ್ಟಲಿಗೇ ಬಾಯಿ ಹಾಕಿದಳು. ಆಚೆಯವಳು ಬಡಬಡಿಸುತ್ತಲೇ ಇದ್ದಳು.

ಅತ್ತೆ ಕಣ್ಣೊರೆಸಿಕೊಂಡರು.

"ನನಗೂ ಬಡಿಸು," ಅಂದರು. "ನೀನೂ ಬಂದು ಕೂತ್ಕೋ. ಒಬ್ಬಳೇ ತಿನ್ನೋಕೆ ನನಗೂ ಆಗಲ್ಲ."