ಆದಾಯದ ಕಾಲಂ

“ಈ ಅಂಕಿ ಸರಿನಾ?” ಎಂದು ಸಮಿತಿಯ ಮುಖ್ಯಸ್ಥೆ ಅರ್ಜಿಯನ್ನು ಅವಳತ್ತ ತಿರುಗಿಸಿದರು.

ಸರಿಯಿರಲಿಲ್ಲ. ಕುಟುಂಬದ ವಾರ್ಷಿಕ ಆದಾಯ ಎಂಬ ಕಾಲಂನಲ್ಲಿ ಅಪ್ಪ ತಮ್ಮ ಮುತ್ತಿನಂಥ ಅಕ್ಷರದಲ್ಲಿ, ಇದ್ದದ್ದರ ಮೂರು ಪಟ್ಟು ಬರೆದಿದ್ದರು. ಮೂವತ್ತು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವರು. ಅರ್ಧ ಗ್ರಾಂ ಆಚೀಚೆಯಾದರೆ ನಿದ್ದೆ ಬಾರದ ಮನುಷ್ಯ. ಅವಳಿಗೆ ಸಿಟ್ಟು ಬಂತು, ಹಿಂದೆಯೇ ಹಾಳು ನಗುವೂ ಬಂತು.

“ಈ ಧನಸಹಾಯ ಇರೋದೇ ಇಲ್ಲದವರಿಗಮ್ಮ. ಇಷ್ಟು ಆದಾಯ ಇದ್ರೆ ನಿಯಮ ಒಪ್ಪಲ್ಲ. ನಿಮ್ಮ ಸಂಶೋಧನೆ ನಮಗೆಲ್ಲ ಹಿಡಿಸಿದೆ. ತಪ್ಪಾಗಿದ್ರೆ ತಿದ್ದಿ, ಪಕ್ಕದಲ್ಲಿ ನಿಮ್ಮ ತಂದೆ ಒಂದು ಸಹಿ ಹಾಕ್ಲಿ. ಐದು ಗಂಟೆವರೆಗೂ ಇರ್ತೀವಿ.”

“ತಿದ್ದದೇ ಇದ್ರೆ?”

“ಪೂರ್ತಿ ಸಾಲವೇ ಗತಿ. ಬ್ಯಾಂಕಿಗೆ ತೋರಿಸೋಕೆ ಸ್ವಂತ ಮನೆ, ಸೈಟು, ಏನಾದ್ರೂ ಇದೆಯಾ?”

ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಅದನ್ನು ಹೇಳಲು ಅವಳಿಗೂ ನಾಲಿಗೆ ಏಳಲಿಲ್ಲ. “ನೋಡೋಣ ಮೇಡಂ” ಎಂದು ಅರ್ಜಿ ಎತ್ತಿಕೊಂಡಳು. ಅಪ್ಪನ ಮಗಳೇ ಸರಿ.

ಹೊರಗೆ ಬೆಂಚಿನ ಮೇಲೆ ಅಪ್ಪ ಇಸ್ತ್ರಿ ಮುರಿಯದ ಹಾಗೆ ನೆಟ್ಟಗೆ ಕೂತು, ಅಟೆಂಡರನ ತಲೆ ತಿನ್ನುತ್ತಿದ್ದರು.

“ನದಿ ತಳದ ಕೆಸರು ಓದ್ತಾಳೆ ಸ್ವಾಮಿ. ಪದರ ಪದರ ಬಿಡಿಸಿ, ಸಾವಿರ ವರ್ಷದ ಹಿಂದೆ ಏನಾಗಿತ್ತು ಅಂತ ಹೇಳ್ತಾಳೆ. ಫಾರಿನ್ ಯೂನಿವರ್ಸಿಟಿಯವರೇ ಕರೀತಿದಾರೆ. ನಾವೇನೂ ಕೈ ಚಾಚಿಲ್ಲ.”

ಕೆಸರಿಗೂ ಒಂದು ಡಾಕ್ಟರ್ ಪದವಿ ಇದೆಯೆಂದು ಅಟೆಂಡರ್ ಅಂದೇ ತಿಳಿದವನಂತೆ ತಲೆಯಾಡಿಸಿದ.

“ಏನಂದ್ರು?” ಅಪ್ಪ ಎದ್ದರು.

“ನಿಮ್ಮ ಅಕ್ಷರ ನೋಡಿದ್ರು.”

“ಮತ್ತೇನು!” ಎಂದು ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಬೇರೇನೂ ಕೇಳಲಿಲ್ಲ.

ಮೆಟ್ಟಿಲಿಳಿಯುತ್ತ ಅವಳು ಕೇಳಿದಳು. “ಆದಾಯ ಯಾಕಪ್ಪ ಅಷ್ಟು ಬರೆದ್ರಿ?”

ಅಪ್ಪ ತಡವರಿಸಲಿಲ್ಲ. “ನಿನಗಿಂತ ಮುಂಚೆ ಆ ಕಾಗದ ಅಲ್ಲಿಗೆ ಹೋಗಿರುತ್ತೆ. ಗತಿಯಿಲ್ಲದವಳು ಬಂದ್ಲು ಅಂತ ಯಾರೂ ನೋಡಬಾರ್ದು. ನೀನು ತಲೆ ಎತ್ಕೊಂಡು ಒಳಗೆ ಹೋಗ್ಬೇಕು.”

ಅವಳಿಗೆ ಅಪ್ಪನ ಮೇಲೆ ಹೆಮ್ಮೆ ಉಕ್ಕಿತು, ಉಕ್ಕಬಾರದ ಹೊತ್ತಿನಲ್ಲಿ. ಮುನ್ನೂರು ಪುಟದ ಪ್ರಬಂಧ ಬರೆದವಳಿಗೆ, ನಾವು ಬಡವರು ಅಂತ ಒಂದು ಸಹಿ ಹಾಕಿ ಎನ್ನುವ ವಾಕ್ಯ ಕೂಡಿಸಲು ಆಗಲಿಲ್ಲ. ಗಂಟೆ ನಾಲ್ಕಾಗಿತ್ತು. ಅರ್ಜಿ ಬ್ಯಾಗಿನಲ್ಲೇ ಉಳಿಯಿತು.

ರಸ್ತೆ ದಾಟಿದ್ದೇ ಅಪ್ಪ ಅವಳನ್ನು ಒಂದು ದೊಡ್ಡ ಬಟ್ಟೆ ಅಂಗಡಿಗೆ ನುಗ್ಗಿಸಿದರು. “ಹಿಮ ಬೀಳೋ ಊರಿಗೆ ಹೋಗೋಳು. ಕೋಟು ತೋರಿಸಪ್ಪ, ಇರೋದ್ರಲ್ಲಿ ಒಳ್ಳೇದು.”

“ಈಗಲೇ ಬೇಡಪ್ಪ.”

“ಸುಮ್ನಿರು.”

ಹೊರಗೆ ಟಾರು ಕರಗುವ ಬಿಸಿಲು. ಅಂಗಡಿಯವನು ಮಂಡಿಯವರೆಗೆ ಬರುವ ಕಪ್ಪು ಕೋಟು ತೊಡಿಸಿದ. ಅಪ್ಪ ತಾವೇ ಗುಂಡಿ ಹಾಕಿದರು, ಕತ್ತಿನವರೆಗೂ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಅಪ್ಪ, ಒಂದು ಮಾತು.”

“ಇಲ್ಲೇ ನಿಂತಿರು, ಕೈಚೀಲ ನೋಡ್ಕೊಂಡು ಬರ್ತೀನಿ.” ಕೈಗವಸಿಗೆ ಅಪ್ಪನ ಮಾತಿನಲ್ಲಿ ಕೈಚೀಲ ಎಂದೇ ಹೆಸರು. ಅಂಗಡಿಯವನು ನಗು ನುಂಗಿಕೊಂಡು ಅವರ ಹಿಂದೆ ಹೋದ.

ಅವಳು ಬೀದಿಯ ಕಡೆಯ ಗಾಜಿನ ಪಕ್ಕ, ಸೀರೆ ಉಟ್ಟ ಎರಡು ಗೊಂಬೆಗಳ ನಡುವೆ ಉಳಿದಳು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತು. ಓಡಿದರೆ ಇನ್ನೂ ಆಗುತ್ತದೆ. ಅವಳು ಓಡಲಿಲ್ಲ.

ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು. ಗಾಜಿಗೆ ಮುಖವಿಟ್ಟು, ಮೂರನೇ ಗೊಂಬೆಯೆಂಬಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬಗ್ಗಿ, ಕೋಟಿನ ತೋಳಿನಿಂದ ತೂಗುತ್ತಿದ್ದ ಬೆಲೆಚೀಟಿಯನ್ನು ಓದತೊಡಗಿದಳು. ಚೀಟಿ ಅಲುಗಾಡುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಹೆಂಗಸಿಗೆ ಸರಿಯಾಗಿ ಕಾಣಲೆಂದು ಕೈಯನ್ನು ನಿಶ್ಚಲವಾಗಿಟ್ಟಳು.