ಪೂರ್ವಾಳ ಮಾತು ಮುಗಿಯುವ ತನಕ

ಸ್ಟೇಷನ್ ರಸ್ತೆಯ ಸೀರೆ ಅಂಗಡಿಯನ್ನು ಮಗ ಸಂಗುವಿಗೆ ಬಿಟ್ಟುಕೊಟ್ಟ ಮೇಲೆ ಸಿದ್ದರಾಮನ ಸಂಜೆಗಳೆಲ್ಲ ಇಬ್ರಾಹಿಂಪುರದ ಮನೆಯ ಕಟ್ಟೆಯ ಮೇಲೆ, ಆರು ವರ್ಷದ ಮೊಮ್ಮಗಳು ಪೂರ್ವಾಳ ಜೊತೆ. ಹುಡುಗಿಗೆ ಮಾತಿನ ಮೊದಲ ಅಕ್ಷರ ನಾಲಿಗೆಗೆ ಅಂಟಿಕೊಳ್ಳುತ್ತಿತ್ತು. ಅದು ತನ್ನಿಂದಲೇ ಬಂದದ್ದೆಂದು ಅಜ್ಜನ ನಂಬಿಕೆ. ಅವನ ತೊದಲು ಮೀಸೆ ಬರುವ ಹೊತ್ತಿಗೆ ತಾನಾಗಿ ಸಡಿಲಾಗಿತ್ತು.

ಅಂದು ಅವನು ಶೇಂಗಾ ಸುಲಿಯುತ್ತಿದ್ದಾಗ ಪೂರ್ವಾ ಮಾಳಿಗೆಯಿಂದ ಏದುಸಿರು ಬಿಡುತ್ತ ಇಳಿದು ಬಂದಳು.

“ಅಜ್ಜಾ, ಹ... ಹ... ಹ...”

“ಹಸಿವ್ಯಾಗೇತೇನ?” ಅಡುಗೆಮನೆಯಿಂದ ಸೊಸೆ ಶೈಲಾ ಕೇಳಿದಳು. “ಹಲ್ಲಿ ಬಂತೇನ? ಹಾವೇನ? ಲಗೂನ ಹೇಳ!”

ಪೂರ್ವಾಳ ಕಣ್ಣು ತುಂಬಿತು.

“ಶೈಲಾ, ತಡೀವಾ,” ಅಂದ ಸಿದ್ದರಾಮ. “ಆಕೀನ ಹೇಳ್ಲಿ.”

ಬಬಲೇಶ್ವರದಲ್ಲಿ ಹುಡುಗನಾಗಿದ್ದಾಗ ಇಡೀ ಓಣಿಗೆ ಅವನು ‘ತೊದಲ ಸಿದ್ದ್ಯಾ’. ಕೆಲವರು ಅವನ ಮಾತು ಕಸಿದುಕೊಂಡು ತಾವೇ ಮುಗಿಸುತ್ತಿದ್ದರು, ಉಳಿದವರು ಅಣಕಿಸುತ್ತಿದ್ದರು. ಪಕ್ಕದ ಮನೆಯ ಪರಸವ್ವ ಮಾತ್ರ ಜೋಳ ಹಸನು ಮಾಡುತ್ತ, ಅವನ ಬಾಯಿ ನೋಡದೆ, “ಹೇಳಪಾ, ನನಗೇನ ಅವಸರಿಲ್ಲ” ಅನ್ನುತ್ತಿದ್ದಳು. ಮಾತು ಮುಗಿದ ಮೇಲೆ “ಹೌದೇನೋ!” ಎಂದು ಕಣ್ಣರಳಿಸಿ ತಲೆ ಎತ್ತುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವನು ದಿನಾ ಏನಾದರೊಂದು ಸುದ್ದಿ ಹುಡುಕಿಕೊಂಡು ಹೋಗುತ್ತಿದ್ದ.

ಈಗ ಅವನೂ ತಲೆ ತಗ್ಗಿಸಿ ಸುಲಿಯುತ್ತ ಕೂತ. ಅಕ್ಷರ ಪೂರ್ವಾಳ ಗಂಟಲಲ್ಲಿ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಆಚೆ ರೈಲೊಂದು ಹಾದುಹೋಯಿತು.

“ಹ... ಹಕ್ಕಿಗೋಳು, ಅಜ್ಜಾ. ಮು... ಮುಗಿಲಾಗ ಸೀರಿ ಝಾಡಸಾಕತ್ತಾವ.”

ಅವನ ಕೈ ನಿಂತಿತು. “ಹೌದೇನವ್ವಾ! ನಡಿ, ತೋರಸು.”

ಶೈಲಾಳೂ ಸೌಟು ಹಿಡಿದುಕೊಂಡೇ ಅವರ ಹಿಂದೆ ಮಾಳಿಗೆ ಹತ್ತಿದಳು. ದೂರದ ಜೋಳದ ಹೊಲಗಳ ಮೇಲೆ ಸಾವಿರಾರು ಹಕ್ಕಿಗಳು ಒಂದೇ ಮೈಯಾಗಿ ಹಾರುತ್ತಿದ್ದವು. ಮುಗಿಲಗಲ ಬಿಚ್ಚಿಕೊಳ್ಳುತ್ತಿದ್ದವು, ಮಡಚಿಕೊಳ್ಳುತ್ತಿದ್ದವು. ಹೊರಳಿದಾಗ ಇಳಿಬಿಸಿಲಿಗೆ ಅಂಚು ಮಿಂಚುತ್ತಿತ್ತು. ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹಾಕುವುದರಲ್ಲೇ ಆಯುಷ್ಯ ಕಳೆದ ಸಿದ್ದರಾಮನಿಗೆ ಮೈ ಜುಮ್ಮೆಂದಿತು. ಇಷ್ಟು ದೊಡ್ಡದನ್ನು ಈ ಪುಟ್ಟ ಬಾಯಿ ಹೊತ್ತು ತಂದಿತ್ತು! ಪರಸವ್ವ ತನ್ನ ಮಾತಿಗೆ ಕನಿಕರದಿಂದ ಕಾಯುತ್ತಿದ್ದಳೆಂದೇ ಇಷ್ಟು ವರ್ಷ ಅವನು ತಿಳಿದಿದ್ದ. ಅವಳಿಗೆ ನಿಜವಾಗಿಯೂ ಕೇಳುವ ಆಸೆಯಿತ್ತೇನೋ ಎಂದು ಈಗ ಹೊಳೆಯಿತು.

“ಮಮ್ಮಿ, ಅ... ಅ...” ಪೂರ್ವಾ ಮತ್ತೆ ಶುರುಮಾಡಿದಳು.

ಶೈಲಾ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು ಮಗಳ ಪಕ್ಕ ಕೂತಳು. ಕೆಳಗಿನಿಂದ ಪಲ್ಯ ಸೀದ ವಾಸನೆ ಬಂತು. ಅವಳು ಏಳಲಿಲ್ಲ.